ಹಳದಿ ಸೂಜಿಗಳು

ನಾನು ಒಂದು ಗುಂಡುತಳದ ಗಾಜಿನ ಫ್ಲಾಸ್ಕು. ಧಾರವಾಡ ಸೀಮೆಯ ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಹಿಂದಿನ ಶೆಡ್ಡಿನಲ್ಲಿ, ಗಾಜು ಊದುವ ದಸ್ತಗೀರ್ ಸಾಹೇಬರ ಕೈಯಲ್ಲಿ ಹುಟ್ಟಿದೆ. ಕೊರಳು ತುಸು ಸೊಟ್ಟಗಿದ್ದುದರಿಂದ ಯಾರಿಗೂ ಬೇಡವಾಗಿದ್ದೆ. ಕೊನೆಗೆ ಪಿಎಚ್.ಡಿ. ಮಾಡುತ್ತಿದ್ದ ಪ್ರಭಾವತಿ ಹಂಚಿನಮನಿ ನನ್ನನ್ನು ಎತ್ತಿಕೊಂಡಳು.

ಅವಳು ತಯಾರಿಸಿದ ಹೊಸ ವಸ್ತು ಹರಳುಗಟ್ಟಲು ಒಲ್ಲೆನೆಂದು ಹಟ ಹಿಡಿದಿತ್ತು. ಗಾಜಿನ ಕಡ್ಡಿಯಿಂದ ಒಳಮೈ ಕೆರೆದರೆ ಹರಳು ಹುಟ್ಟುತ್ತದೆ ಎಂಬುದು ಈ ಜನರ ವಾಡಿಕೆ. ಕೆರೆದಳು, ಕೆರೆದಳು, ನನಗೆ ಸಾಕುಸಾಕಾಯಿತು. ಒಂದು ಮಧ್ಯಾಹ್ನ ಹುಟ್ಟಿಯೇಬಿಟ್ಟವು, ಲೋಕದಲ್ಲಿ ಯಾರೂ ಕಾಣದ ಹಳದಿ ಸೂಜಿ ಹರಳುಗಳು. ಅವಳ ಗೈಡ್ ಕಟಗೇರಿ ಸರ್‌ಗೆ ಉದ್ದನೆಯ ಗಡ್ಡ. ಎಲ್ಲರ ಫ್ಲಾಸ್ಕಿನೊಳಗೂ ಬಗ್ಗಿ ಇಣುಕುವುದು ಅವರ ಚಟ. ಇಣುಕಿದರು, "ಭಾಳ ಛಲೋ ಆತು" ಎಂದು ಒಂದಿಷ್ಟನ್ನು ತಮ್ಮ ಕೋಣೆಗೆ ಒಯ್ದರು.

ಅಲ್ಲಿ ಬಿಸಿ ಮಾಡಿದಾಗ ಸೂಜಿಗಳು ಬಿಳಿ ಬಿಲ್ಲೆಗಳಾದವು; ವಸ್ತು ಅದೇ, ಹರಳಿನ ರೂಪ ಮಾತ್ರ ಬೇರೆ. ಅವತ್ತಿನಿಂದ ವಿಭಾಗದೊಳಗೆ ಏನೋ ಹೊಕ್ಕಿತು. ಅವಳು ಏನೇ ಮಾಡಿದರೂ ಬಿಳಿ ಬಿಲ್ಲೆಗಳೇ. ಕಡ್ಡಿ ತಾಗುವ ಮೊದಲೇ, ಕಾದು ಕುಳಿತವರಂತೆ ಬಂದುಬಿಡುತ್ತಿದ್ದವು. ಬಿರಡೆ ಹಾಕಿಟ್ಟ ಸೀಸೆಯಲ್ಲಿದ್ದ ಹಳದಿಯೂ ಒಂದು ಬೆಳಿಗ್ಗೆ ಬೆಳ್ಳಗಾಗಿತ್ತು. ಗಾಜಿಗೂ ಭಯವಾಗುತ್ತದೆ, ನನಗಾಯಿತು.

"ಮೊದಲಿಂದು ಕಲಬೆರಕಿ ಇದ್ದಿರಬೇಕವಾ. ಸೂಜಿ ಮತ್ತ ತೋರಸು. ಇಲ್ಲಾಂದ್ರ ನಾ ಥೀಸಿಸ್‌ಗೆ ಸಹಿ ಮಾಡೂದಿಲ್ಲ" ಎಂದರು ಸರ್. ಥೀಸಿಸ್ ಪೂರ್ತಿ ನಿಂತದ್ದೇ ಆ ಸೂಜಿಗಳ ಮೇಲೆ. ಹೀಗೆಂದು ಅವರು ಬಗ್ಗಿದಾಗ ಕಿಟಕಿಯ ಬಿಸಿಲಿನಲ್ಲಿ ಗಡ್ಡದಿಂದ ಆ ಬಿಲ್ಲೆಗಳ ಬಿಳಿ ಪುಡಿ ಉದುರಿದ್ದನ್ನು ನಾನೂ ಕಂಡೆ, ಅವಳೂ ಕಂಡಳು. ಅಂಥ ಒಂದು ಕಣ ಬಿದ್ದರೆ ಸಾಕು, ಒಳಗಿನದೆಲ್ಲ ಅದರಂತೆಯೇ ಆಗಿಬಿಡುತ್ತಿತ್ತು. ಗುರುಗಳ ಗಡ್ಡದ ಮೇಲೆ ದೂರು ಹೇಳುವುದು ಹೇಗೆ?

ಮರುದಿನ ತಲೆಗೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ನನ್ನನ್ನು ಶೆಡ್ಡಿಗೆ ಒಯ್ದಳು. "ಚಾಚಾ, ಇದನ್ನ ಬೆಂಕ್ಯಾಗ ಹಾಯ್ಸಿ ಕೊಡ್ರಿ. ಒಂದ ಕಣಾನೂ ಉಳೀಬಾರದು." ದಸ್ತಗೀರ್ ಸಾಹೇಬರು ನನ್ನನ್ನು ಸುಟ್ಟು ಕೊಟ್ಟರು. ದ್ರಾವಣವನ್ನು ಅಲ್ಲೇ ಕುದಿಸಿ, ಸೋಸಿ, ನನ್ನೊಳಗೆ ಸುರಿದು ಕಡ್ಡಿಯಾಡಿಸಿದಳು. ಸಂಜೆಗೆ ಹಳದಿ ಸೂಜಿಗಳು ಎದ್ದವು.

ಸರ್ ಬಂದರು. "ಹೊಸ್ತಿಲ ಆಚೇನ ನಿಂತು ನೋಡ್ರಿ ಸರ್, ಕೈ ಮುಗೀತೀನಿ" ಎಂದಳು. ನಿಂತರು ಪಾಪ. ಆದರೆ ಹಳದಿ ಕಂಡದ್ದೇ ತಡ, ಚಟ ಬಿಟ್ಟೀತೇ? ನುಗ್ಗಿ ಬಂದು ನನ್ನ ಬಾಯಿಯ ಮೇಲೆ ಬಗ್ಗಿದರು.

ಏನೋ ಬಿತ್ತು. ಬಿದ್ದ ಕಡೆ ಒಂದು ಬಿಳಿ ಚುಕ್ಕೆ. ಅದು ಒಂದು ಸೂಜಿಯನ್ನು ಮುಟ್ಟಿತು, ಆ ಸೂಜಿ ಪಕ್ಕದ್ದನ್ನು. ಯಾರೂ ಅಲುಗಿಸದೆ ಅವು ಒಂದೊಂದಾಗಿ ಬಿಳಿಚಿಕೊಂಡು ಪುಡಿಯಾದವು. ನನ್ನ ಹೊಟ್ಟೆಯೊಳಗೆ ಚಿಟಿಚಿಟಿ ಸದ್ದು. ಸರ್, ಅವಳು, ಸಾಹೇಬರು, ಮೂವರೂ ನೋಡಿದರು.

ಸರ್ ಕೈ ಗಡ್ಡದತ್ತ ಹೋಗಿ ನಡುವೆಯೇ ನಿಂತಿತು. "ಖರೇನ ಇದ್ದುವವಾ" ಎಂದರು. "ಕೊಂದಾಂವ ನಾನ."

ಸಹಿ ಬಿತ್ತು. ಮರುದಿನ ಅವರು ಗಡ್ಡ ಬೋಳಿಸಿಕೊಂಡು ಬಂದಾಗ ವಿಭಾಗವೆಲ್ಲ ನಕ್ಕಿತು, ಪ್ರಭಾವತಿ ನಗಲಿಲ್ಲ. ನನ್ನನ್ನು ಬರಿದು ಮಾಡಿ, ಮತ್ತೆ ಬೆಂಕಿಯಲ್ಲಿ ಹಾಯಿಸಿ, ಬಾಯಿಯನ್ನು ಕರಗಿಸಿ ಮುಚ್ಚಿಸಿದಳು. ಇಡೀ ವಿಭಾಗದಲ್ಲಿ ಬಿಳಿ ಹೊಗದ ಜಾಗವೆಂದರೆ ಈಗ ನನ್ನ ಹೊಟ್ಟೆಯೊಂದೇ.

ವರ್ಷಗಳು ಕಳೆದವು. ಸರ್ ಹೋದರು, ಸಾಹೇಬರೂ ಹೋದರು. ನಾನು ಮೂಲೆಯ ಗಾಜಿನ ಬೀರುವಿನಲ್ಲಿ ಮುದಿಯಾದೆ. ದೂರದೂರಿನಲ್ಲಿ ಪ್ರೊಫೆಸರಾದ ಪ್ರಭಾವತಿಗೆ ಅಲ್ಲಿಯೂ ಹಳದಿ ಹುಟ್ಟಲಿಲ್ಲವಂತೆ. ಮೊನ್ನೆ ನರೆಗೂದಲು ಹೊತ್ತು ನನ್ನನ್ನು ನೋಡಲು ಬಂದಿದ್ದಳು. ವಿದ್ಯಾರ್ಥಿಗಳು, "ಮೇಡಂ, ನೀವೇ ಇದರ ಬಾಯಿ ಒಡದು ಇನ್ನೊಮ್ಮೆ ಹಳದಿ ಮಾಡ್ರಿ" ಎಂದು ಬೀರು ತೆರೆಯಹೋದರು.

ಅವಳು ಸರಕ್ಕನೆ ಹಿಂದೆ ಸರಿದಳು. "ಬ್ಯಾಡ್ರಪಾ. ಆ ಬಿಳಿ ನನ್ನ ಮೈಮ್ಯಾಲೂ ಐತಿ."