ತೇಲಿಹೋದ ಊರುಗೋಲು

ಏಣಿಯಿಂದ ಬಿದ್ದು ಮಂಡಿ ಮುರಿದುಕೊಂಡಿದ್ದ ಬಡಗಿ, ಚಿಕಿತ್ಸೆಯ ಬೆಚ್ಚನೆ ನೀರಿನ ಕೊಳಕ್ಕೂ ತಾನೇ ಕೆತ್ತಿದ ಊರುಗೋಲು ಹಿಡಿದೇ ಇಳಿದ. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಬೇಡವೆಂದರೆ, "ಏಳು ತಿಂಗಳಿಂದ ಇದೇ ಕಣಮ್ಮಾ ನನ್ನ ಕಾಲು" ಎಂದವನು ಜಪ್ಪಯ್ಯ ಅಂದರೂ ಕೋಲು ಬಿಡಲಿಲ್ಲ.

ಎದೆಮಟ್ಟದ ನೀರಿನಲ್ಲಿ ಎಷ್ಟು ಒತ್ತಿದರೂ ಕೋಲು ತಳ ಮುಟ್ಟಲೊಲ್ಲದು. ನಲವತ್ತು ವರ್ಷ ಮರದ ಜೊತೆಗೇ ಬದುಕಿದವನಿಗೆ ಮರ ತೇಲುತ್ತದೆ ಎಂಬುದೇ ಮರೆತುಹೋಗಿತ್ತು! ಕೈಜಾರಿದ ಕೋಲು ಆಚೆ ದಡದತ್ತ ಹೊರಟಿತು. "ಏಯ್, ನಿಂತ್ಕೊಳ್ಳೋ!" ಎಂದು ಬೈಯುತ್ತ ಅದರ ಬೆನ್ನು ಹತ್ತಿದ.

ಆಚೆ ದಡದಲ್ಲಿ ಕೋಲು ಕೈಗೆ ಸಿಕ್ಕಿತು. ತಿರುಗಿ ನೋಡಿದರೆ ಡಾಕ್ಟರಮ್ಮ ಅಷ್ಟು ದೂರದಲ್ಲಿ ಬಾಯಿಗೆ ಕೈಯಿಟ್ಟು ನಿಂತಿದ್ದಳು. ನಡುವೆ ಬರೀ ನೀರು, ಇನ್ನೂ ಅಲುಗುತ್ತಿತ್ತು.

"ಅಮ್ಮಾ," ಎಂದ ಬಡಗಿ. "ನನ್ನನ್ನ ಇಲ್ಲೀವರೆಗೆ ಯಾರು ಕರ್ಕೊಂಡು ಬಂದ್ರು?"