ಮೊಣಕಾಲು ಮೇಡಂ ಮತ್ತು ಹದಿನಾಲ್ಕನೆಯ ಕಟ್ಟೆ

ಯಾವ ಕಟ್ಟೆಗೂ ಅವರು ರಸ್ತೆಯ ಕಡೆಯಿಂದ ಬಂದದ್ದನ್ನು ನಾನು ನೋಡಿದವನಲ್ಲ. ನೂರಾ ಎಂಬತ್ತು ಮೈಲಿ ಉದ್ದದ ನಮ್ಮ ದೋಣಿದಾರಿಯಲ್ಲಿ, ವಿಹಾರಕ್ಕೆಂದು ದಿನಗಟ್ಟಲೆ ಹುಟ್ಟು ಹಾಕುತ್ತ ಸಾಗುವವರು ಹತ್ತಿ ಇಳಿಯಲು, ನೀರು ಕುಡಿಯಲು, ಗುಡಾರ ಹಾಕಿ ಮಲಗಲು ಇಪ್ಪತ್ತೆರಡು ಕಟ್ಟೆಗಳಿವೆ. ಒಂದೊಂದರ ಬಾಗಿಲಿಗೂ ನಮ್ಮ ಇಲಾಖೆಯ ಜೀಪು ಹೋಗುತ್ತದೆ. ಆದರೆ ಆ ಕಟ್ಟೆಗಳ ಸೌಲಭ್ಯಗಳನ್ನು ಪರೀಕ್ಷಿಸುವುದೇ ಉದ್ಯೋಗವಾಗಿದ್ದ ಈಕೆ ಜೀಪಿಗೆ ಬೆನ್ನು ತಿರುಗಿಸಿ, ತೇಪೆ ಹಾಕಿದ ತಮ್ಮ ಹಸಿರು ದೋಣಿಯಲ್ಲಿ ಒಬ್ಬರೇ ತೇಲಿಕೊಂಡು ಬರುತ್ತಿದ್ದರು. ಬಸ್ ನಿಲ್ದಾಣಕ್ಕೆ ಅಂಟಿಕೊಂಡಂತಿರುವ ಎಂಟನೆಯ ಕಟ್ಟೆಯ ಉದ್ಘಾಟನೆಯ ದಿನ ನಾವೆಲ್ಲ ಇಸ್ತ್ರಿ ಬಟ್ಟೆಯಲ್ಲಿ, ಶಾಮಿಯಾನದ ಕೆಳಗೆ, ನದಿಗೆ ಬೆನ್ನು ಮಾಡಿ ಕೂತಿದ್ದಾಗ, ಮುಖ್ಯಾಧಿಕಾರಿಗಳ ಭಾಷಣದ ನಡುವೆ ಹಿಂದಿನಿಂದ ಒದ್ದೆ ಬೂಟಿನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಈಕೆ. ಸೊಂಟದವರೆಗೆ ತೊಯ್ದು, ಕೈಯಲ್ಲಿ ಹುಟ್ಟು ಹಿಡಿದು ನಿಂತಿದ್ದಾರೆ. "ಕೊನೇ ಮೆಟ್ಲು ನೀರಿಗೆ ಮುಟ್ಟೋದೇ ಇಲ್ಲ ಸಾರ್, ನೆಗೀಬೇಕು" ಎಂದು ಮೈಕಿಗೂ ಕೇಳಿಸುವಂತೆ ಹೇಳಿದರು. ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ನಾವು ಕೈಕಟ್ಟಿ ಕೂತೆವು.

ಐವತ್ತು ದಾಟಿದ ಗಿಡ್ಡ, ಗಟ್ಟಿಮುಟ್ಟಾದ ಹೆಂಗಸು. ನೆಲದ ಮೇಲೆ ನಡೆಯುವಾಗ ಎರಡು ಪಾದಗಳನ್ನೂ ಅಗಲಿಸಿ, ನೆಲ ಯಾವ ಗಳಿಗೆಯಲ್ಲಾದರೂ ಒಂದು ಪಕ್ಕಕ್ಕೆ ವಾಲೀತೆಂಬ ಎಚ್ಚರಿಕೆಯಲ್ಲಿ ಹೆಜ್ಜೆ ಇಡುತ್ತಿದ್ದರು. ಮೊಣಕೈಗೆ ಕತ್ತರಿಸಿದ ಹಳೆಯ ಮಳೆಕೋಟು ಬೇಸಿಗೆಯಲ್ಲೂ ಮೈಮೇಲೆ ಇರಲೇಬೇಕು. ಅದರ ಜೇಬುಗಳಲ್ಲಿ ಅಳತೆಪಟ್ಟಿ, ಹಗ್ಗದ ತುಂಡು, ಸೀಸದಕಡ್ಡಿ. ಪೆನ್ನನ್ನು ಅವರು ನಂಬುತ್ತಿರಲಿಲ್ಲ, ನೀರು ತಾಗಿದರೆ ಮಾತು ಬದಲಿಸುತ್ತದೆ ಎನ್ನುತ್ತಿದ್ದರು. ಅಳತೆಪಟ್ಟಿ ಇದ್ದರೂ ಮೆಟ್ಟಿಲಿನ ಎತ್ತರವನ್ನು ಅವರು ಅಳೆಯುತ್ತಿದ್ದದ್ದು ತಮ್ಮ ಮೊಣಕಾಲಿನಿಂದ. ನೀರಲ್ಲಿ ನಿಂತು, ಮೆಟ್ಟಿಲಿನ ಪಕ್ಕಕ್ಕೆ ಕಾಲು ಒತ್ತಿ, ಅಂಚು ಮೊಣಕಾಲು ಮೀರಿದ್ದರೆ ಪುಸ್ತಕದಲ್ಲಿ ಅಡ್ಡಗೆರೆ. ಗುತ್ತಿಗೆದಾರನೊಬ್ಬ ನಗುತ್ತ "ಮೇಡಂ, ತಪ್ಪು ಮೆಟ್ಲಿಂದಲ್ಲ, ನಿಮ್ಮ ಎತ್ತರದ್ದು" ಎಂದದ್ದಕ್ಕೆ, "ಹಾಗಾದ್ರೆ ಗೇಟಲ್ಲಿ ಒಬ್ರನ್ನ ನಿಲ್ಸಿ, ಗಿಡ್ಡಗಿರೋರನ್ನ ಹೊಳೆಗೆ ಬಿಡಬೇಡಿ ಅನ್ನಿ" ಎಂದರು. ಅಂದಿನಿಂದ ಕಚೇರಿಯಲ್ಲಿ ಅವರ ಹೆಸರು ಮೊಣಕಾಲು ಮೇಡಂ. ಹೆಸರಿಟ್ಟವರಿಗೆ ಅದು ತಮಾಷೆ; ಅವರಿಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ.

ನಾನು ಅದೇ ಕಚೇರಿಯ ನಕ್ಷೆ ವಿಭಾಗದವನು. ಎಲ್ಲಿ ನಲ್ಲಿ, ಎಲ್ಲಿ ಶೌಚಾಲಯ, ಎಲ್ಲಿ ಗುಡಾರದ ಜಾಗ ಎಂದು ಪುಟ್ಟ ಪುಟ್ಟ ಚಿತ್ರಗಳನ್ನು ನದಿಯ ನೀಲಿಗೆರೆಯ ಅಕ್ಕಪಕ್ಕ ಬರೆಯುವುದು ನನ್ನ ಕಸುಬು. ಒಂದು ಮಧ್ಯಾಹ್ನ ಅವರು ಬಂದು ನನ್ನ ಮೇಜಿನ ಮೇಲೆ ಹಿತ್ತಾಳೆಯ ನಲ್ಲಿಯೊಂದನ್ನು ಟಣ್ಣೆಂದು ಇಟ್ಟರು. "ನಾಲ್ಕನೇ ಕಟ್ಟೇಲಿ ಕುಡಿಯೋ ನೀರಿದೆ ಅಂತ ಬರ್ದಿದ್ದೀರಲ್ಲ, ತಗೊಳ್ಳಿ, ಕುಡೀರಿ." ಅದರ ಹಿಂದೆ ಕೊಳವೆಯೇ ಇರಲಿಲ್ಲ. ಗೋಡೆಗೆ ಒಂದಿಷ್ಟು ಸಿಮೆಂಟು ಮೆತ್ತಿ ನಲ್ಲಿಯ ಬಾಯಿ ಸಿಕ್ಕಿಸಿ, ಫೋಟೋ ತೆಗೆದು, ಬಿಲ್ಲಿನ ಜೊತೆ ಕಳಿಸಿದ್ದರು. ನಾನು ಆ ಫೋಟೋ ನೋಡಿ ನಲ್ಲಿಯ ಚಿತ್ರ ಬರೆದಿದ್ದೆ. ಎರಡು ದಿನ ಬಿಸಿಲಲ್ಲಿ ಹುಟ್ಟು ಹಾಕಿ ನಾಲಿಗೆ ಒಣಗಿಸಿಕೊಂಡು ಬಂದವರು ಆ ನಲ್ಲಿ ತಿರುಗಿಸುವುದನ್ನು ಊಹಿಸಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆದರೆ ಆಗ ನನಗೆ ಬಂದ ಸಿಟ್ಟು ಆ ಗುತ್ತಿಗೆದಾರನ ಮೇಲಲ್ಲ, ಮೇಜು ಒದ್ದೆ ಮಾಡಿದ ಈಕೆಯ ಮೇಲೆ. ಅದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಅವರ ಯಜಮಾನರು ಸೈಕಲ್ ರಿಪೇರಿ ಅಂಗಡಿಯವರು, ಹೆಂಡತಿಯನ್ನು ಗೇಲಿ ಮಾಡದೆ ಒಂದು ದಿನವೂ ಕಳೆಯದ ಮನುಷ್ಯ. "ನಮ್ಮನೆ ಬಚ್ಚಲ ಬಾಗಿಲಿನ ಚಿಲಕ ಬಿದ್ದು ಆರು ತಿಂಗಳಾಯ್ತು ಸಾರ್. ಹಾಡು ಹೇಳ್ಕೊಂಡೇ ಸ್ನಾನ ಮಾಡ್ಬೇಕು. ಇವಳು ನೋಡಿದ್ರೆ ನೂರಾ ಎಂಬತ್ತು ಮೈಲೀಲಿರೋ ಚಿಲಕಾನೆಲ್ಲ ಎಳೆದೆಳೆದು ನೋಡ್ತಾಳೆ" ಎಂದು ನನ್ನೆದುರೇ ದೂರಿದ್ದರು. ಆಕೆ ತಲೆ ಎತ್ತದೆ, "ನಿಮ್ಮನ್ನ ನೋಡೋಕೆ ಯಾರು ಬರ್ತಾರೆ, ಸುಮ್ನಿರಿ" ಎಂದಿದ್ದರು.

ಇನ್ನು ಹದಿನಾಲ್ಕನೆಯ ಕಟ್ಟೆಯ ವಿಷಯ. ನದಿ ಅಲ್ಲಿ ಒಂದು ತಿರುವು ತೆಗೆದುಕೊಳ್ಳುತ್ತದೆ. ತಿರುವು ದಾಟಿದ ಕೂಡಲೇ ಎಡದಂಡೆಯಲ್ಲಿ ಕಟ್ಟೆ. ಕಟ್ಟೆಯಿಂದ ಇನ್ನೂರು ಹೆಜ್ಜೆ ಕೆಳಗೆ ನದಿಗೆ ಅಡ್ಡವಾಗಿ ಆಳೆತ್ತರದ ಹಳೆಯ ಒಡ್ಡು. ನೀರು ಒಡ್ಡಿನ ಮೇಲಿಂದ ನುಣ್ಣಗೆ ಜಾರಿ ಕೆಳಗೆ ಸುಳಿಯಾಗಿ ತಿರುಗುತ್ತದೆ. ದೋಣಿಯಲ್ಲಿ ತಗ್ಗಿ ಕೂತವರಿಗೆ ಒಡ್ಡು ಕಾಣುವುದೇ ಇಲ್ಲ, ನದಿ ಮುಂದೆಯೂ ಹೀಗೇ ಸಮತಟ್ಟಾಗಿ ಹರಿದಿದೆ ಎನ್ನಿಸುತ್ತದೆ. ಆದ್ದರಿಂದ ಎಲ್ಲರೂ ಕಟ್ಟೆಯಲ್ಲಿ ಇಳಿದು, ದೋಣಿ ಹೊತ್ತು, ದಂಡೆಯ ಮೇಲೆ ನಡೆದು ಒಡ್ಡು ದಾಟಬೇಕು. ಬೇರೆ ಕಟ್ಟೆ ತಪ್ಪಿದರೆ ಮುಂದಿನದರಲ್ಲಿ ಇಳಿಯಬಹುದು. ಇದು ತಪ್ಪಿದರೆ ಮುಂದೆ ಇಳಿಯುವುದಕ್ಕೆ ಜಾಗವಿಲ್ಲ.

"ಇಲ್ಲೇ ಇಳಿಯಿರಿ. ಮುಂದೆ ಅಪಾಯ" ಎಂಬ ದೊಡ್ಡ ಬೋರ್ಡು ಅಲ್ಲಿತ್ತು. ಅದು ರಸ್ತೆಗೆ ಮುಖ ಮಾಡಿತ್ತು. ಕಾರಿನವರು ಅದನ್ನೋದಿ, ಗಾಬರಿಯಿಂದ ಇಳಿದು, ಮುಂದೆ ಒಂದು ಟೈರು ಅಂಗಡಿಯನ್ನು ಬಿಟ್ಟರೆ ಬೇರೇನೂ ಕಾಣದೆ ಮತ್ತೆ ಹತ್ತಿ ಹೋಗುತ್ತಿದ್ದರು. ನದಿಯವರಿಗೆ ಕಾಣುತ್ತಿದ್ದದ್ದು ಬೋರ್ಡಿನ ಬೂದು ಬೆನ್ನು ಮಾತ್ರ.

ಈ ಬುದ್ಧಿವಂತಿಕೆ ಯಾರದೆಂದು ಕೇಳಿದರೆ ನನ್ನದೇ. ನಮ್ಮ ವಿಭಾಗದಲ್ಲಿ ಒಂದು ಪದ್ಧತಿಯಿದೆ: ಯಾವ ಜಾಗದ ನಕ್ಷೆಯಾದರೂ ರಸ್ತೆ ಹಾಳೆಯ ಕೆಳಗಂಚಿನಲ್ಲಿ ಬರಬೇಕು, ಕಟ್ಟಡ, ಕಾಂಪೌಂಡು, ಬೋರ್ಡು ಎಲ್ಲದರ ಮುಖವೂ ಕೆಳಗಂಚಿಗೆ ಇರಬೇಕು. ಶಾಲೆಗೋ ಆಸ್ಪತ್ರೆಗೋ ಅದು ಸರಿಯೇ, ಅಲ್ಲಿಗೆ ಜನ ರಸ್ತೆಯಿಂದ ಬರುತ್ತಾರೆ. ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ನದಿಯ ಕಟ್ಟೆಯನ್ನೂ ನಾನು ಹಾಗೆಯೇ ಬರೆದೆ. ಮೇಲಿನವರು ಸಹಿ ಹಾಕಿದರು. ಕೆಳಗಿನವರು ಬೋರ್ಡು ನೆಟ್ಟರು. ನಮ್ಮಲ್ಲಿ ಒಬ್ಬರಾದರೂ ಒಂದು ಸಲ ದೋಣಿಯಲ್ಲಿ ಕೂತು ನೋಡಿದ್ದರೆ ಸಾಕಿತ್ತು.

ಕೂತು ನೋಡಿದವರು ಅವರೊಬ್ಬರೇ. ಎರಡು ವರ್ಷಗಳಲ್ಲಿ ಹನ್ನೊಂದು ಪತ್ರ ಬರೆದರು, ಎಲ್ಲವೂ ಸೀಸದಕಡ್ಡಿಯಲ್ಲಿ, ಎಲ್ಲವೂ ನಾಲ್ಕೇ ಸಾಲು: ನಾಲ್ಕು ಬೋಲ್ಟು ಬಿಚ್ಚಿ ಬೋರ್ಡು ತಿರುಗಿಸಿದರೆ ಆಯಿತು, ಅಪ್ಪಣೆ ಕೊಡಿ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. "ಅನುಮೋದಿತ ನಕ್ಷೆಯಂತೆ ಅಳವಡಿಸಲಾಗಿದೆ" ಎಂದು ಹನ್ನೊಂದು ಸಲ ಉತ್ತರ ಹೋಯಿತು. ಒಮ್ಮೆ ನನ್ನ ಎದುರಿಗೇ ಮುಖ್ಯಾಧಿಕಾರಿಗಳು ಸಮಾಧಾನದಿಂದ ವಿವರಿಸಿದರು: "ಈಗ ತಿರುಗಿಸಿದ್ರೆ, ಇಷ್ಟು ದಿನ ತಪ್ಪಾಗಿತ್ತು ಅಂತ ನಾವೇ ಬರ್ದುಕೊಟ್ಟ ಹಾಗಲ್ವೇನಮ್ಮ?" ಅವರಿಗೆ ನದಿಯ ಅಪಾಯಕ್ಕಿಂತ ಕಡತದ ಅಪಾಯ ದೊಡ್ಡದಾಗಿ ಕಂಡಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಅಲ್ಲಿ ಎರಡೂ ಎಳೆಯುವುದಾದರೂ ಉಂಟು. ನಮ್ಮಲ್ಲಿ ಒಬ್ಬರು ಎಳೆಯುತ್ತಿದ್ದರು, ಮಿಕ್ಕವರು ಮಲಗಿದ್ದೆವು.

ಮೂರನೆಯ ವರ್ಷ, ನದಿ ತುಂಬಿದ್ದ ಕಾಲದಲ್ಲಿ, ಅಕ್ಕತಂಗಿಯರಿಬ್ಬರು ಒಂದೇ ದೋಣಿಯಲ್ಲಿ ಬಂದರು. ಇಬ್ಬರೂ ನಲವತ್ತರ ಆಚೀಚಿನವರು. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ತಂಗಿಗೆ ಹೊಲಿಗೆ ಅಂಗಡಿ. ಎಷ್ಟೋ ವರ್ಷಗಳಿಂದ ಅಂದುಕೊಂಡು ಕೊನೆಗೂ ಹೊರಟ ಪ್ರವಾಸವಂತೆ. ನನ್ನ ನಕ್ಷೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂಗಿ ತೊಡೆಯ ಮೇಲಿಟ್ಟುಕೊಂಡಿದ್ದರು. ತಿರುವಿನಲ್ಲಿ ಬೋರ್ಡು ಬರುತ್ತದೆ ಎಂದು ನಕ್ಷೆ ಹೇಳುತ್ತಿತ್ತು. ಬೋರ್ಡು ಕಂಡ ಮೇಲೆ ಇಳಿದರಾಯಿತೆಂದು ಇಬ್ಬರೂ ದಂಡೆಯನ್ನೇ ನೋಡುತ್ತ ಕಟ್ಟೆಯನ್ನು ದಾಟಿಬಿಟ್ಟರು. ಅಕ್ಕನನ್ನು ಸುಳಿ ಕಲ್ಲಿನ ಮೇಲೆ ಎಸೆಯಿತು. ತಂಗಿ ಸಿಕ್ಕಿದ್ದು ಮರುದಿನ, ಹದಿನಾರನೆಯ ಕಟ್ಟೆಯಲ್ಲಿ.

ಹದಿನೈದು ದಿನಗಳಾದ ಮೇಲೆ ಆ ಅಕ್ಕ, ಕೈಗೆ ಹಾಕಿದ ಪಟ್ಟಿಯನ್ನೂ ಬಿಚ್ಚಿರಲಿಲ್ಲ, ನಮ್ಮ ಕಚೇರಿಗೆ ಬಂದರು. ಅಳಲಿಲ್ಲ, ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಬೋರ್ಡು ಎಲ್ಲಿತ್ತು ಸಾರ್?"

ಮುಖ್ಯಾಧಿಕಾರಿಗಳು ಕಡತ ತೆರೆದು, ರಸ್ತೆಯಲ್ಲಿ ನಿಂತು ತೆಗೆದ ಫೋಟೋ ತೋರಿಸಿದರು. "ನೋಡಿಯಮ್ಮ, ಇಷ್ಟು ದೊಡ್ಡ ಅಕ್ಷರ. ಇದೂ ಕಾಣಿಸ್ಲಿಲ್ಲ ಅಂದ್ರೆ ನಾವೇನು ಮಾಡೋಕಾಗುತ್ತೆ?"

ಆಕೆ ಫೋಟೋವನ್ನು ಬಹಳ ಹೊತ್ತು ನೋಡಿದರು. "ನನ್ನ ತಂಗಿಗೆ ಕಣ್ಣು ಚೆನ್ನಾಗಿತ್ತು ಸಾರ್. ನನಗೂ ಸೂಜಿಗೆ ದಾರ ಅವಳೇ ಪೋಣಿಸಿಕೊಡ್ತಿದ್ದಳು."

ಬಾಗಿಲ ಬಳಿ ನಿಂತಿದ್ದ ಮೊಣಕಾಲು ಮೇಡಂ ಮುಂದೆ ಬಂದರು. "ನಿಮ್ಮ ತಂಗಿದೇನೂ ತಪ್ಪಿಲ್ಲ ತಾಯಿ. ಅದು ರಸ್ತೆ ಕಡೆ ಮುಖ ಮಾಡಿದೆ. ನಿಮಗೆ ಕಂಡಿದ್ದು ಅದರ ಬೆನ್ನು. ನಮಗೆಲ್ಲ ಗೊತ್ತಿತ್ತು."

"ಮೇಡಂ, ನೀವು ಆಚೆ ಹೋಗಿ" ಎಂದರು ಮುಖ್ಯಾಧಿಕಾರಿಗಳು. ಹೋದರು, ಆ ಅಕ್ಕನ ಕೈ ಹಿಡಿದುಕೊಂಡೇ ಹೋದರು. ನಾನು ತಲೆ ತಗ್ಗಿಸಿ, ಬರೆದು ಮುಗಿಸಿದ್ದ ಗೆರೆಯ ಮೇಲೆಯೇ ಇನ್ನೊಂದು ಗೆರೆ ಎಳೆಯುತ್ತ ಕೂತಿದ್ದೆ.

ಮರುದಿನ ಬೆಳಗ್ಗೆ ಮೊಣಕಾಲು ಮೇಡಂ ಸೈಕಲ್ ಅಂಗಡಿಯಲ್ಲಿ ಗಂಡನನ್ನು ಸ್ಪಾನರು ಕೇಳಿದರಂತೆ. ಬಾಯಿಬಡುಕ ಮನುಷ್ಯ ಅವತ್ತು ಕೇಳಿದ್ದು ಒಂದೇ ಮಾತು: "ಎಷ್ಟನೇ ನಂಬರು?" ಹನ್ನೊಂದು ಗಂಟೆಯ ಬಿಸಿಲಲ್ಲಿ, ಟೈರು ಅಂಗಡಿಯವರೂ ಬಸ್ಸಿಗೆ ನಿಂತವರೂ ನೋಡುತ್ತಿರುವಂತೆ, ಮೇಡಂ ನಾಲ್ಕು ಬೋಲ್ಟು ಬಿಚ್ಚಿ, ಬೋರ್ಡನ್ನು ನದಿಗೆ ತಿರುಗಿಸಿ, ಬಿಗಿದರು. ಕೆಲಸ ಅರ್ಧ ಗಂಟೆಯದು. ಆಮೇಲೆ ತಮ್ಮ ತಪಾಸಣೆ ಪುಸ್ತಕ ತೆರೆದು, ಇದ್ದದ್ದನ್ನು ಇದ್ದ ಹಾಗೆ ಬರೆದರು: "ಕಟ್ಟೆ ಹದಿನಾಲ್ಕು. ಬೋರ್ಡು ನಾನೇ ತಿರುಗಿಸಿದೆ. ಈಗ ನದಿಯಿಂದ ಕಾಣುತ್ತದೆ." ಸಹಿ ಹಾಕಿ, ಪುಸ್ತಕವನ್ನು ತಾವೇ ತಂದು ಒಪ್ಪಿಸಿದರು. ಅವರನ್ನು ಕೆಲಸದಿಂದ ತೆಗೆಯಲು ಬೇರೆ ಸಾಕ್ಷಿಯೇ ಬೇಕಾಗಲಿಲ್ಲ.

ಸರ್ಕಾರಿ ಆಸ್ತಿಯಲ್ಲಿ ಕೈಯಾಡಿಸಿದರೆಂಬ ಆರೋಪ. ಅಪಘಾತದ ಸ್ಥಳದಲ್ಲಿದ್ದದ್ದನ್ನು ಬದಲಿಸಿದರೆಂಬ ಇನ್ನೊಂದು. ವಿಚಾರಣೆಗೆ ಎಲ್ಲವೂ ಮೊದಲಿದ್ದಂತೆ ಇರಬೇಕೆಂದು, ಐದು ವಾರ ನದಿಯನ್ನು ನೋಡಿದ್ದ ಬೋರ್ಡನ್ನು ಇಲಾಖೆ ಪುನಃ ರಸ್ತೆಗೆ ತಿರುಗಿಸಿತು. ಎರಡು ವರ್ಷ ಬೇಡಿದರೂ ಒಂದು ಅಪ್ಪಣೆ ಸಿಗದ ಕೆಲಸಕ್ಕೆ ನಾಲ್ಕು ಜನ ಕೂಲಿಗಳು, ಒಂದು ಲಾರಿ, ಒಬ್ಬ ವೆಲ್ಡರು, ಎಲ್ಲ ಒಂದೇ ಬೆಳಗಿನಲ್ಲಿ ಸಿಕ್ಕಿದರು. ಇನ್ನು ಯಾರೂ ಬಿಚ್ಚಬಾರದೆಂದು ಬೋಲ್ಟುಗಳನ್ನು ಬೆಸೆದುಬಿಟ್ಟರು. ಥೂ, ಆ ಬೆಸುಗೆಯ ಅಚ್ಚುಕಟ್ಟನ್ನು ನೀವು ನೋಡಬೇಕು. ನಮ್ಮ ಇಪ್ಪತ್ತೆರಡು ಕಟ್ಟೆಗಳಲ್ಲಿ ಅಷ್ಟು ಗಟ್ಟಿಯಾದ ಕೆಲಸ ಇನ್ನೆಲ್ಲೂ ಇಲ್ಲ.

ವಿಚಾರಣೆಯಲ್ಲಿ ನನ್ನನ್ನೂ ಕರೆದರು. ನಕ್ಷೆ ಸರಿಯಿದೆಯೇ ಎಂದರು. ಮೇಡಂ ಎದುರು ಬೆಂಚಿನಲ್ಲಿ ಕೂತಿದ್ದರು. ನಿವೃತ್ತಿಗೆ ನನಗೆ ಮೂರು ವರ್ಷ ಉಳಿದಿತ್ತು. "ಪದ್ಧತಿ ಪ್ರಕಾರ ಸರಿಯಿದೆ" ಎಂದೆ. ಹೊರಗೆ ಬಂದಾಗ ಅವರೇ ಹತ್ತಿರ ಬಂದು, "ಹೋಗ್ಲಿ ಬಿಡಿ, ಪದ್ಧತಿ ಪ್ರಕಾರ ಅಂತ ಸೇರಿಸಿದ್ರಲ್ಲ, ಅಷ್ಟಾದ್ರೂ ಅಂದ್ರಲ್ಲ" ಎಂದರು. ಅದು ಸಮಾಧಾನವೋ ಚುಚ್ಚುಮಾತೋ ನನಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಈಗ ಎರಡು ವರ್ಷಗಳಾದವು. ದೋಣಿದಾರಿ ತೆರೆದಿರುವಷ್ಟು ಕಾಲವೂ, ಬೆಳಗಿನಿಂದ ಸಂಜೆಯವರೆಗೆ, ಆ ತಿರುವಿನ ಮೇಲುಗಡೆ ಮರದ ಬೇರಿಗೆ ದೋಣಿ ಕಟ್ಟಿಕೊಂಡು ಅವರು ಕೂತಿರುತ್ತಾರೆ. ಹುಟ್ಟಿನ ತುದಿಗೊಂದು ಕೆಂಪು ಬಟ್ಟೆ. ದೋಣಿ ಕಂಡ ಕೂಡಲೇ ಎದ್ದು ನಿಂತು "ಎಡಕ್ಕೆ! ಎಡಕ್ಕೆ ಬನ್ನಿ!" ಎಂದು ಕೂಗುತ್ತಾರೆ. ಕೆಲವರು ಕೈ ಬೀಸಿ ಥ್ಯಾಂಕ್ಸ್ ಹೇಳುತ್ತಾರೆ, ಕೆಲವರು ನಗುತ್ತಾರೆ, ಯಾರೋ ಅಪರಿಚಿತ ಹೆಂಗಸು ವಿಹಾರಕ್ಕೆ ಭಂಗ ತರುತ್ತಿದ್ದಾಳೆಂದು ಒಬ್ಬ ಮಹಾನುಭಾವ ದೂರು ಬರೆದ, ಅದೂ ಅವರ ಕಡತ ಸೇರಿದೆ. ಮಧ್ಯಾಹ್ನ ಗಂಡ ಬುತ್ತಿ ತಂದು, ಆಕೆ ಉಣ್ಣುವಷ್ಟು ಹೊತ್ತು ತಾವು ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಾರೆ. ತಣ್ಣೀರಿನ ಪಕ್ಕ ಕೂತೂ ಕೂತೂ ಆಕೆಯ ಎಡಮೊಣಕಾಲು ಈಗ ಪೂರ್ತಿ ಮಡಚುವುದಿಲ್ಲ. ಈ ಎರಡು ವರ್ಷಗಳಲ್ಲಿ ಒಂದು ದೋಣಿಯೂ ಒಡ್ಡಿಗೆ ಹೋಗಿಲ್ಲ.

ಮೊನ್ನೆ ಇಲಾಖೆಯ ವಾರ್ಷಿಕ ವರದಿ ನನ್ನ ಮೇಜಿಗೆ ಬಂತು. ಅದರ ಒಂಬತ್ತನೆಯ ಪುಟದಲ್ಲಿ ಹೀಗಿದೆ: "ಹದಿನಾಲ್ಕನೆಯ ಕಟ್ಟೆಯಲ್ಲಿ ಎರಡು ವರ್ಷಗಳಿಂದ ಯಾವುದೇ ಅವಘಡ ಸಂಭವಿಸಿಲ್ಲ. ಆದ್ದರಿಂದ ಬೋರ್ಡಿನ ಈಗಿನ ವ್ಯವಸ್ಥೆ ತೃಪ್ತಿಕರವಾಗಿದೆ."

ಇಂಥವರು ಪ್ರತಿ ಕಚೇರಿಯಲ್ಲೂ, ಪ್ರತಿ ಬೀದಿಯಲ್ಲೂ, ಎಷ್ಟೋ ಮನೆಗಳಲ್ಲೂ ಒಬ್ಬೊಬ್ಬರು ಇರುತ್ತಾರೆ. ಚಾವಣಿ ಸೋರುವಲ್ಲಿ ಪಾತ್ರೆ ಹಿಡಿದು ನಿಲ್ಲುವವರು ಅವರು. ನೆಲ ಒಣಗಿದೆಯೆಂದು ತೋರಿಸಿ ಚಾವಣಿ ಗಟ್ಟಿಯಾಗಿದೆ ಎನ್ನುವವರು ನಾವು. ಅವರನ್ನು ತಲೆಹರಟೆ ಎನ್ನುತ್ತೇವೆ, ಮೊಂಡರು ಎನ್ನುತ್ತೇವೆ, ಅವರು ಕಾದು ಉಳಿಸಿದ ಜೀವಗಳನ್ನೇ ಅವರ ವಿರುದ್ಧ ಲೆಕ್ಕ ಕೊಡುತ್ತೇವೆ. ಒಂದೇ ಒಂದು ದಿನ ಅವರು ಬಾರದೆ ಮನೆಯಲ್ಲಿ ಉಳಿದರೆ ನಮ್ಮ ಬಣ್ಣ ಬಯಲಾದೀತು. ಆದರೆ ಅವರು ಹಾಗೆ ಉಳಿಯುವ ಪೈಕಿಯಲ್ಲ. ಅದು ನಮಗೂ ಚೆನ್ನಾಗಿ ಗೊತ್ತು, ಆ ಧೈರ್ಯದ ಮೇಲೆಯೇ ನಾವು ಸಹಿ ಹಾಕುತ್ತಿರುವುದು.