ಆರಾಧನಾಳ ಏಕಾದಶಿ

ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದ ಶಿವರಂಜಿನಿಗೆ ೧೯೯೬ರ ಬೇಸಿಗೆಯಲ್ಲಿ ಒಂದು ಆಸ್ಪತ್ರೆಯೇ ಸಿಕ್ಕಿತ್ತು. ಬಸವನಗುಡಿಯ ಮಕ್ಕಳ ಬೇಸಿಗೆ ಶಿಬಿರದಲ್ಲಿ ಒಂದು ತರಗತಿ ಕೋಣೆ, ಎರಡು ಬೆಂಚು, ಒಂದು ಡಬ್ಬಿ ಹತ್ತಿ, ಒಂದು ಬಾಟಲಿ ಟಿಂಚರ್. ಮೂರು ವಾರದಲ್ಲಿ ಅವಳು ಮಾಡಿದ ಘನ ಚಿಕಿತ್ಸೆಯೆಲ್ಲ ತರಚಿದ ಮೊಣಕಾಲುಗಳಿಗೇ. ಆದರೂ ಇಸ್ತ್ರಿ ಮಾಡಿದ ಬಿಳಿ ಏಪ್ರನ್ ತೊಟ್ಟು ಓಡಾಡುವ ಅವಳ ಗತ್ತು ನೋಡಬೇಕಿತ್ತು!

ಆ ಗತ್ತು ಇಳಿದದ್ದು ಮೇ ತಿಂಗಳ ಒಂದು ಏಕಾದಶಿಯಂದು. ಖೋ ಖೋ ಆಡುತ್ತಿದ್ದ ಒಂಬತ್ತು ವರ್ಷದ ಆರಾಧನಾ ಬಿಸಿಲಿನಲ್ಲಿ ತಲೆಸುತ್ತಿ ಬಿದ್ದಳು. ಶಿಬಿರ ನಡೆಸುವ ಬದರೀನಾರಾಯಣ ಮೇಷ್ಟ್ರು ಎತ್ತಿಕೊಂಡು ಬಂದು ಬೆಂಚಿನ ಮೇಲೆ ಮಲಗಿಸಿದರು. ಎಚ್ಚರವೇನೋ ಬಂತು, ಆದರೆ ತುಟಿ ಒಣಗಿತ್ತು, ನಾಡಿ ಓಡುತ್ತಿತ್ತು. ಶಿವರಂಜಿನಿ ಉಪ್ಪು ಸಕ್ಕರೆ ಕಲಸಿದ ನೀರು ಹಿಡಿದರೆ ಹುಡುಗಿ ಬಾಯಿ ಬಿಗಿಹಿಡಿದಳು.

"ಇವತ್ತು ಏಕಾದಶಿ ಅಕ್ಕ. ನೀರೂ ಕುಡಿಯಲ್ಲ. ತೀರ್ಥ ಮಾತ್ರ."

ಬೆಳಗಿನ ಹಾಲು ಬಚ್ಚಲಿಗೆ, ಡಬ್ಬಿಯ ಉಪ್ಪಿಟ್ಟು ಗೆಳತಿಯರಿಗೆ ಹೋಗಿತ್ತಂತೆ. ಮನೆಯಲ್ಲಿ ಯಾರಿಗೂ, ಅಜ್ಜಿಗೂ, ಗೊತ್ತಿಲ್ಲ.

"ಕುಡೀಲಿಲ್ಲ ಅಂದ್ರೆ ಆಸ್ಪತ್ರೇಲಿ ಸೂಜಿ ಚುಚ್ಚಿ ಡ್ರಿಪ್ಸ್ ಹಾಕ್ತಾರೆ ನೋಡು," ಎಂದಳು ಶಿವರಂಜಿನಿ. ಅದಕ್ಕೂ ಹುಡುಗಿ ಜಗ್ಗಲಿಲ್ಲ.

ಆಗ ಇವಳ ತಲೆಗೆ ಅತಿಬುದ್ಧಿ ಹೊಳೆಯಿತು. ಹೊರಗೆ ಹೋಗಿ, ಅದೇ ನೀರನ್ನು ಬೇರೆ ಲೋಟಕ್ಕೆ ಸುರಿದುಕೊಂಡು ಬಂದು, "ಮಠದಿಂದ ತೀರ್ಥ ತರಿಸಿದೀನಿ, ತಗೋ ಪುಟ್ಟಿ," ಅಂದಳು. ಶಿವರಂಜಿನಿ ಲಿಂಗಾಯತರ ಮನೆಯ ಹುಡುಗಿ, ವೈಷ್ಣವ ಮಠದ ತೀರ್ಥದ ರುಚಿ ಅವಳಿಗೇನು ಗೊತ್ತು? ಆರಾಧನಾಗೆ ಚೆನ್ನಾಗಿ ಗೊತ್ತಿತ್ತು. ಅಂಗೈಗೆ ಹಾಕಿಸಿಕೊಂಡು ನಾಲಿಗೆಗೆ ತಾಗಿಸಿದವಳೇ ಥೂ ಎಂದು ಉಗಿದಳು.

"ತುಳಸಿ ಇಲ್ಲ, ಉಪ್ಪಿದೆ. ದೇವರ ಹೆಸರಲ್ಲಿ ಸುಳ್ಳು ಹೇಳಿದ್ರಿ," ಎಂದು ಗೋಡೆಯ ಕಡೆ ತಿರುಗಿದಳು.

ಶಿವರಂಜಿನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇನ್ನು ತಾನು ಏನು ಕೊಟ್ಟರೂ ಈ ಮಗು ಮುಟ್ಟುವುದಿಲ್ಲ.

"ಇವಳ ಅಜ್ಜೀನ ಕರ್ಕೊಂಡ್ಬನ್ನಿ ಸಾರ್, ಬೇಗ," ಎಂದಳು ಮೇಷ್ಟ್ರಿಗೆ.

ಮೇಷ್ಟ್ರ ಸ್ಕೂಟರಿನ ಹಿಂದೆ ಕೂತು ಅಂಬುಜಮ್ಮ ಬಂದರು. ಎರಡೂ ಕಣ್ಣಿಗೆ ಪೊರೆ; ಬಾಗಿಲು ತಡಕಿಕೊಂಡೇ ಒಳಬಂದರು. ಶಿವರಂಜಿನಿ ನಡೆದದ್ದನ್ನೆಲ್ಲ, ತನ್ನ ಸುಳ್ಳನ್ನೂ ಸೇರಿಸಿ, ಹೇಳಿದಳು. ಅವರು ಬೈಯಲಿಲ್ಲ.

"ಯಾಕ್ ಕಂದಾ ಹೀಗ್ ಮಾಡ್ದೆ?"

"ಸೋಮವಾರ ನಿನಗೆ ಕಣ್ಣಿನ ಆಪರೇಷನ್ ಅಲ್ವಾ ಅಜ್ಜಿ? ಉಪವಾಸ ಮಾಡಿದ್ರೆ ದೇವರು ಕೇಳಿದ್ದು ಕೊಡ್ತಾನೆ ಅಂತ ನೀನೇ ಹೇಳಿದ್ದೆ."

ನಲವತ್ತು ವರ್ಷದಲ್ಲಿ ಒಂದು ಏಕಾದಶಿಯಂದೂ ಅಂಬುಜಮ್ಮ ತೊಟ್ಟು ನೀರು ಕುಡಿದವರಲ್ಲ, ಜ್ವರ ಬಂದಾಗಲೂ ಇಲ್ಲ. ಕೈಚಾಚಿ ಬೆಂಚಿನ ಮೇಲಿದ್ದ ಲೋಟ ಹುಡುಕಿ, ಮೇಲೆತ್ತಿ, ಗಟಗಟನೆ ಅರ್ಧ ಕುಡಿದುಬಿಟ್ಟರು.

"ಅಜ್ಜೀ!" ಮಗು ಎದ್ದು ಕೂತಿತು.

"ನಂದು ಮುಗೀತು. ನಿನ್ನನ್ನ ನೋಡೋಕೇ ಕಣೇ ನಂಗೆ ಆ ಕಣ್ಣು. ಕುಡಿ."

ಆರಾಧನಾ ಬಿಕ್ಕುತ್ತಲೇ ಉಳಿದದ್ದನ್ನು ಕುಡಿದಳು. ಶಿವರಂಜಿನಿಗೂ ಅಳು ತಡೆಯಲಾಗಲಿಲ್ಲ; ಏಪ್ರನ್ನಿನಲ್ಲೇ ಮೂಗು ಒರೆಸಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಕೇಳಿದಳು, "ಅಕ್ಕ, ಅಜ್ಜಿ ಕಣ್ಣು ಸರಿಹೋಗುತ್ತಾ?"

ಖಂಡಿತ ಎಂಬ ಮಾತು ಶಿವರಂಜಿನಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ತುಂಬಾ ಜನಕ್ಕೆ ಸರಿಹೋಗುತ್ತೆ. ಅಜ್ಜಿಗೆ ಏನಾಗುತ್ತೆ ಅಂತ ನಂಗೆ ಗೊತ್ತಿಲ್ಲ ಪುಟ್ಟಿ. ಸೋಮವಾರ ನಿನ್ ಜೊತೆ ಆಸ್ಪತ್ರೇಲಿ ಕೂತಿರ್ತೀನಿ."

ಆರಾಧನಾ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಖಾಲಿ ಲೋಟವನ್ನು ಅವಳ ಕಡೆ ಚಾಚಿದಳು.

"ಇನ್ನೊಂದ್ ಲೋಟ ಕೊಡಿ ಅಕ್ಕ."